ದೌಲತರಾಯನ ಮೂಗು

ಆಳಂದದ ದೇವಿಂದ್ರಪ್ಪ ಮಾಸ್ತರನಿಗೆ ಮನೆಮನೆಗೆ ಹೋಗಿ ಹಾರ್ಮೋನಿಯಂ ಪೇಟಿ, ಹಾಡು ಕಲಿಸುವುದು ಹೊಟ್ಟೆಪಾಡು, ಅಫಜಲಪುರದ ದೌಲತರಾಯ ಹೊಟ್ಟೆಕಿಚ್ಚು. ಇಬ್ಬರದೂ ಒಂದೇ ಕಸುಬು. ಇಬ್ಬರೂ ಪದ ಕಟ್ಟುವವರೇ. ದೌಲತರಾಯ ಹಾಡಿದರೆ ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ದೇವಿಂದ್ರಪ್ಪ ಹಾಡಿದರೆ "ಛಲೋ ಆತ್ರಿ" ಎಂದು ಎಲೆಗೆ ಸುಣ್ಣ ಸವರುತ್ತಿದ್ದರು.

ನಲವತ್ತೆಂಟರಲ್ಲಿ ನಿಜಾಮನ ರಜಾಕಾರರ ಗದ್ದಲ ಅಡಗಿತು. ಸೊಲ್ಲಾಪುರದ ಕಡೆ ಓಡಿಹೋದವರು ಮರಳಿ ಬಂದರು. ಅವರನ್ನು ಎದುರುಗೊಳ್ಳಲು ಊರು ಒಂದು ಸಭೆ ಇಟ್ಟುಕೊಂಡಿತು. ಅಲ್ಲಿ ದೇವಿಂದ್ರಪ್ಪನ ಶಿಷ್ಯೆ ಶಿವಕಾಂತಾ ಹಾಡುವುದೆಂದಾಯಿತು. ಪದವನ್ನು ಅವನೇ ಕಟ್ಟಿದ; ಕಟ್ಟಿದ್ದು ತಾನೆಂದು ಹಾಡು ಮುಗಿದ ಮೇಲೆ ಹೇಳುವವನಿದ್ದ. ದೌಲತರಾಯನೂ ಬರುತ್ತಾನಂತೆ. ಬರಲಿ. ಆಳಂದದಲ್ಲೂ ಒಬ್ಬನಿದ್ದಾನೆಂದು ಜನ ಅವನೆದುರೇ ಅನ್ನಲಿ, ಅಷ್ಟು ಸಾಕಿತ್ತು ಮಾಸ್ತರನಿಗೆ.

ಬರೆದುಕೊಟ್ಟು ಕಲಿಸುವ ಪದ್ಧತಿ ಅವನದಲ್ಲ. ಗುರು ಅಂದಂತೆ ಶಿಷ್ಯೆ ಅನ್ನಬೇಕು. ಗುರು ಕೆಮ್ಮಿದರೆ ಕೆಮ್ಮಬೇಕು. ಆದರೆ ಅವನ ನಾಲಿಗೆ ಸುಮ್ಮನಿರಬೇಕಲ್ಲ.

"ಇದನ್ನ ಆ ದೌಲತ್ಯಾ ಹಾಡಿದ್ರ ಹೆಂಗಿರ್ತದ ಗೊತ್ತೇನ್ ತಂಗಿ?" ಎಂದು ಕಣ್ಣು ಮೇಲೆ ಮಾಡಿ, ಮೂಗಿನಲ್ಲೇ ಎಳೆದು, ಸಾಲಿನ ಕೊನೆಗೊಂದು ಬಿಕ್ಕು ಹಚ್ಚುತ್ತಿದ್ದ.

"ಸಾಕ್ರಿ ಮಾಸ್ತರ್, ನಗಿಗಿ ರೊಟ್ಟಿ ಹರಿಯಾಕತ್ತಾವ" ಎನ್ನುತ್ತಿದ್ದಳು ಅಡುಗೆಮನೆಯಿಂದ ಹುಡುಗಿಯ ತಾಯಿ ಗುರುಶಾಂತಮ್ಮ.

ನಗೆ ಸಿಕ್ಕಷ್ಟೂ ಅಣಕ ಬೆಳೆಯಿತು. ದಿನಕ್ಕೊಮ್ಮೆ ತನ್ನ ದನಿಯಲ್ಲಿ ಹಾಡಿದರೆ ನಾಲ್ಕು ಸಲ ದೌಲತರಾಯನ ಮೂಗಿನಲ್ಲಿ.

ಸಭೆಯಲ್ಲಿ ಶಿವಕಾಂತಾ ಹಾಡಿದಳು. ಮೂಗು ಬಂತು, ಬಿಕ್ಕೂ ಬಂತು. ನಗೆ ಮಾತ್ರ ಬರಲಿಲ್ಲ. ಮನೆಮಠ ಬಿಟ್ಟು ಓಡಿದ್ದವರು ಸೆರಗಿಗೆ, ರುಮಾಲಿಗೆ ಕಣ್ಣೊತ್ತಿಕೊಂಡರು.

"ದೌಲತರಾಯರು ಕಲಿಸ್ಯಾರ ಕಾಣ್ತದ" ಎಂದರು ಹಿಂದಿನಿಂದ ಯಾರೋ.

ದೌಲತರಾಯ ತಾನೇ ಎದ್ದು ಬಂದ. ಅವನ ಕಣ್ಣೂ ಒದ್ದೆಯಾಗಿತ್ತು. "ಹಾಡೋ ರೀತಿ ನಂದದ ಮಾಸ್ತರ್. ಪದ ನಂದಲ್ಲ. ಇಂಥಾದ್ದು ನನಗ ಕಟ್ಟಲಾಕ ಆಗಿಲ್ಲ. ಯಾರದ್ರಿ?"

ನನ್ನದು ಎಂದರೆ ಆ ಮೂಗು ಹೇಗೆ ಬಂತೆಂದೂ ಹೇಳಬೇಕಾಗುತ್ತಿತ್ತು.

"ಹಳೀದದರಿ" ಎಂದ ದೇವಿಂದ್ರಪ್ಪ. "ಯಾರೋ ಕಟ್ಟಿದ್ದು."

ಮರುದಿನ ಶಿವಕಾಂತಾ ತಲೆ ತಗ್ಗಿಸಿ ಕೂತಿದ್ದಳು. "ನೀವು ಅಂದಂಗೇ ಅಂದೇನ್ರಿ. ತಪ್ಪಾತೇನ್ರಿ?"

ಅವನು ಪೇಟಿ ಎಳೆದು ತನ್ನ ದನಿಯಲ್ಲಿ ಒಂದು ಸಾಲು ಹಾಡಿದ. ಸ್ವರ ಸರಿಯಿತ್ತು, ತಾಳ ಸರಿಯಿತ್ತು. ಛಲೋ ಆಗಿತ್ತು, ಅಷ್ಟೇ.

"ಇನ್ನ ಮುಂದ ಯಾವ ರೀತಿ ಹಾಡ್ಲಿ, ಮಾಸ್ತರ್?"

ಬಹಳ ಹೊತ್ತು ಪೇಟಿ ಒಂದೇ ಸ್ವರ ಗುಂಯ್‌ಗುಟ್ಟಿತು. ಆಮೇಲೆ ಅವನು ಅದೇ ಸಾಲನ್ನು ಮೂಗಿನಲ್ಲಿ ಎಳೆದು, ಬಿಕ್ಕನ್ನು ಅದರ ಜಾಗದಲ್ಲಿ ಹಚ್ಚಿದ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಯಾರೂ ನಗಲಿಲ್ಲ.