ಹೊತ್ತು ಮುಳುಗುವ ಮುಂಚಿನ ಊಟ

ನಮ್ಮ ಮನೆಯವರು, ದುಂಡಪ್ಪಗೌಡರು, ಅವರಿಗೆ ಸಿಟ್ಟು ಮೂಗಿನ ತುದಿಯಲ್ಲಿ, ಮನೆತನ ಮೀಸೆಯ ತುದಿಯಲ್ಲಿ. ಸಿಟ್ಟು ನನಗೂ ಕಡಿಮೆಯಿಲ್ಲ, ಮೀಸೆಯೊಂದಿಲ್ಲ ಅಷ್ಟೆ. ಉಗರಗೋಳದ ದಾರಿಗಿರುವ ನಮ್ಮ ಹೊಲದ ಬದುವಿನಲ್ಲಿ ಆಳೆತ್ತರದ ಕಲ್ಲೊಂದಿದೆ. ಮೇಲೆ ಸೂರ್ಯ ಚಂದ್ರ, ನಡುವೆ ಕುಳಿತ ಒಬ್ಬ ಮನುಷ್ಯ. ಕೆಳಗೆ ಅಕ್ಷರಗಳಿದ್ದವು, ಆದರೆ ತಲೆತಲಾಂತರದ ಎಣ್ಣೆ, ವಿಭೂತಿ ಗಟ್ಟಿಯಾಗಿ ಕೂತು ಯಾರಿಗೂ ಓದಲು ಬರುತ್ತಿರಲಿಲ್ಲ. ಕುಳಿತವನು ಸವದತ್ತಿಯ ರಟ್ಟ ಅರಸರ ದಂಡನಾಯಕ, ನಾವು ಅವನ ವಂಶ ಎಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದರು. ಕತ್ತಿ ಎಲ್ಲಿ ಎಂದು ಮದುವೆಯಾದ ಹೊಸದರಲ್ಲಿ ಕೇಳಿದ್ದೆ. "ಸವದು ಹೋಗೇತಿ," ಎಂದಿದ್ದರು. ಮೂಗು ಉಳಿದು ಕತ್ತಿಯೊಂದೇ ಸವೆದದ್ದು ಹೇಗೆ ಎಂದು ಕೇಳುವ ಧೈರ್ಯ ಆಗ ನನಗಿರಲಿಲ್ಲ.

ಎಳ್ಳಮವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಉಣ್ಣುತ್ತಾರೆ. ನಮ್ಮ ಮನೆಗೆ ಇನ್ನೂ ಕೆಲವು ಕಟ್ಟುಪಾಡು. ಆ ದಿನ ಉಳ್ಳಾಗಡ್ಡಿ, ಬಳ್ಳೊಳ್ಳಿ ಮುಟ್ಟುವಂತಿಲ್ಲ. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಉಣಿಸಬೇಕು. ಹೊತ್ತು ಮುಳುಗಿದ ಮೇಲೆ ಯಾರೂ ತುತ್ತು ಎತ್ತಬಾರದು. ಕತ್ತಲಲ್ಲಿ ಒಲೆ ಉರಿದರೆ ವೈರಿಗೆ ದಂಡು ಕಾಣುತ್ತದೆ, ಅದಕ್ಕೇ ಈ ಪದ್ಧತಿ ಎನ್ನುತ್ತಿದ್ದರು ನಮ್ಮವರು. ಹಾಗಾದರೆ ಉಳ್ಳಾಗಡ್ಡಿ ಯಾಕೆ ಬೇಡ ಎಂದರೆ, "ವೈರಿಗೆ ವಾಸನಿ ಹೊಡೀತದ," ಎಂಬ ಉತ್ತರ. ರೊಟ್ಟಿ ಬಡಿಯುವವಳು ನಾನು, ಮೀಸೆ ತಿರುವುವವರು ಅವರು.

ಈ ವರ್ಷ ಹೊಲದ ದಾರಿಗೆ ದಂಡನಾಯಕನ ಹೆಸರಿನ ಕಮಾನು ಕಟ್ಟಿಸಲು ಹೊರಟರು. ಪಕ್ಕದ ಹೊಲದ ಶಟ್ಟೆಪ್ಪ ಸುಮ್ಮನಿರಬೇಕಲ್ಲ. "ಮೊದಲ ಕಲ್ಲು ಓದಸ್ರಿ ಗೌಡ್ರ. ಯಾವ ದಂಡು, ಯಾವ ನಾಯಕ, ನಾವೂ ನೋಡತೇವಿ," ಎಂದ ನಾಲ್ಕು ಮಂದಿಯ ಮುಂದೆ. ಇವರಿಗೆ ಮೈಯೆಲ್ಲ ಉರಿದುಹೋಯಿತು. ಎಳ್ಳಮವಾಸ್ಯೆಯ ದಿನ ಊರ ಮುಂದೆಯೇ ಓದಿಸುತ್ತೇನೆ ಎಂದು ಮಾತು ಕೊಟ್ಟು ಬಂದರು.

ಹಳೆಯ ಶಾಸನ ಓದಬಲ್ಲ ಶ್ರೀಶೈಲ ಮಾಸ್ತರು ಆ ದಿನ ಬೈಲಹೊಂಗಲದಿಂದ ಬಂದರು. ಬಿಸಿನೀರು, ಸೀಗೆಪುಡಿ ಹಾಕಿ ಮಧ್ಯಾಹ್ನವೆಲ್ಲ ಕಲ್ಲು ತೊಳೆದರು. ಅಕ್ಷರಗಳು ನಿನ್ನೆ ಕೊರೆದಂತೆ ಎದ್ದು ಬಂದವು. ಅವರು ಎರಡೆರಡು ಸಲ ಓದಿಕೊಂಡು ನಮ್ಮವರ ಕಡೆ ತಿರುಗಿದರು.

"ಗೌಡ್ರ, ಈತ ದಂಡನಾಯಕ ಅಲ್ರಿ, ಜಿನ. ರಟ್ಟರ ಕಾಲಕ್ಕ ಇಲ್ಲಿ ಬಸದಿ ಇತ್ತು. ಅರಸ ಈ ಹೊಲಾ ಮಾಚವ್ವೆ ಅನ್ನಾಕಿಗೆ ಬಿಟ್ಟಾನ. ಬಸದಿಗೆ ಬಂದವ್ರಿಗೆ, ದಾರಿಕಾರರಿಗೆ ಹೊತ್ತು ಮುಳಗೂದ್ರಾಗ ಆಕಿ ಅನ್ನಾ ಹಾಕಬೇಕು. ಸೂರ್ಯ ಚಂದ್ರ ಇರೂತನಕ ಆಕಿ ವಂಶದವ್ರು ನಡಸಬೇಕು."

"ಅಡಗಿ ಮಾಡಾಕಿ," ಎಂದು ಶಟ್ಟೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ದಂಡನಾಯಕ ಹೋಗಿ ಸೌಟನಾಯಕ ಆದ್ರಲ್ಲಪಾ."

ಊರೂ ನಕ್ಕಿತು. ನಮ್ಮವರು ಬದುವಿನ ಮೇಲೆ ಕುಸಿದು ಕೂತರು. "ಹಂಗಾರ ನಾವು ಶಿವನ ಒಕ್ಕಲಲ್ಲೇನ್ರಿ?" ಎಂದು ಕೇಳಿದರು.

"ಈಗ ಶಿವನ ಒಕ್ಕಲ. ಆಗ ಜಿನನ ಒಕ್ಕಲ ಇದ್ದಿರಬೇಕು," ಎಂದರು ಮಾಸ್ತರು. "ಹೊತ್ತು ಮುಳಗಿದ ಮ್ಯಾಲೆ ಉಣ್ಣದಿರೂದು, ಉಳ್ಳಾಗಡ್ಡಿ ಮುಟ್ಟದಿರೂದು ಜೈನರ ಪದ್ಧತಿ. ಈ ಸೀಮ್ಯಾಗ ಎಷ್ಟೋ ಮನ್ಯಾಗ ದೇವರು ಬದಲಾದ್ರು. ನಿಮ್ಮ ಮನ್ಯಾಗ ಊಟದ ಹೊತ್ತು ಬದಲಾಗಲಿಲ್ಲ."

ನನಗಿನ್ನು ತಡೆಯಲಾಗಲಿಲ್ಲ. "ನಗಬ್ಯಾಡ ಶಟ್ಟೆಪ್ಪ," ಎಂದೆ. "ಆ ರಟ್ಟರ ಅರಮನಿ ಎಲ್ಲೈತಿ, ತೋರಸು. ಅವರ ದಂಡು ಎಲ್ಲೈತಿ? ಅವರು ಹೇಳಿದ ಒಂದು ಮಾತು ಉಳದೈತಿ. ಅದನ್ನ ಉಳಿಸಿದವ್ರು ಈ ಮನಿ ಹೆಣಮಕ್ಕಳು. ಕಲ್ಲಾಗ ಏನು ಬರದೈತಿ ಅಂತ ಗೊತ್ತಿಲ್ಲದ ನಡಸೇವಿ."

ಗಂಡಸರ ಮನೆತನಕ್ಕೆ ನಾನು ಒಲೆ ಊದುತ್ತಿದ್ದೇನೆ ಎಂದುಕೊಂಡಿದ್ದೆ ಇಷ್ಟು ವರ್ಷ. ಮನೆತನವೇ ಒಲೆಯ ಮುಂದೆ ಕೂತಿತ್ತು. ನನ್ನ ಅತ್ತೆ, ಅವರ ಅತ್ತೆ, ಅವರ ಹಿಂದೆ ಎಲ್ಲೋ ಆ ಮಾಚವ್ವೆ. ಹೆಮ್ಮೆಯಿಂದ ನನ್ನ ಕಣ್ಣು ತುಂಬಿ ಬಂತು.

ಹೊತ್ತು ಗುಡ್ಡದ ಕಡೆ ಇಳಿಯುತ್ತಿತ್ತು. ನಮ್ಮವರು ಎದ್ದರು. ಮನೆಗೆ ಹೊರಟರು ಎಂದುಕೊಂಡೆ. ಧೋತರದ ಚುಂಗು ಸೊಂಟಕ್ಕೆ ಸಿಗಿಸಿ, ನನ್ನ ಕೈಯಲ್ಲಿದ್ದ ಸೌಟನ್ನೇ ತೆಗೆದುಕೊಂಡರು. ತಮ್ಮ ನೀರು ತಾವು ತುಂಬಿಕೊಂಡು ಕುಡಿದವರಲ್ಲ ಅವರು. ನೇರ ಶಟ್ಟೆಪ್ಪನ ಹತ್ತಿರ ಹೋದರು.

"ಕುಂಡ್ರು. ಹೊತ್ತು ಮುಳಗಾಕ ಹತ್ತೇತಿ."

"ನಾ ಉಂಡ ಬಂದೇನ್ರಿ ಗೌಡ್ರ."

"ಈ ಹೊಲಕ್ಕ ಬಂದಾವನ್ನ ಹಂಗ ಕಳಸಾಕ ನನಗ ಅಧಿಕಾರ ಇಲ್ಲ."

ಶಟ್ಟೆಪ್ಪ ಕೂತ. ಅವನ ಹಿಂದೆ ಊರೂ ಕೂತಿತು. ಬಡಿಸಿ ಗೊತ್ತಿಲ್ಲದ ಕೈ, ಅರ್ಧ ಪಲ್ಯ ನೆಲಕ್ಕೆ ಬಿತ್ತು. ನಾನು ಹೋಳಿಗೆಯ ಬುಟ್ಟಿ ಹಿಡಿದು ಅವರ ಬೆನ್ನಿಗೇ ನಡೆದೆ. ಗುಡ್ಡದ ದೇವಿಯ ದರ್ಶನಕ್ಕೆ ಹೊರಟಿದ್ದವರೂ ದಾರಿಯಿಂದ ಇಳಿದು ಬಂದು ಸಾಲಿನಲ್ಲಿ ಕೂತರು. ಅವರಲ್ಲೊಬ್ಬ ಮುದುಕಿ ಬಾಯಿಗೆ ಹೋಳಿಗೆ ಇಟ್ಟುಕೊಂಡು, "ಯಾರ ಮನಿ ಊಟೋ ಯಪ್ಪಾ ಇದು?" ಎಂದು ಕೇಳಿದಳು.

"ಮಾಚವ್ವೆ ಮನೀದಬೇ," ಎಂದರು ನಮ್ಮವರು, ಊರಿಗೆಲ್ಲ ಕೇಳುವಂತೆ. "ನಾವು ಆಕಿ ಮಕ್ಕಳು."