ಕಿಂಗ್ಸ್‌ಫೀಲ್ಡ್ ಟೌನಿನ ಬನ್ನಿ

ನಮ್ಮೂರು ಗಬ್ಬೂರ ಅಂದ್ರ ಇಲ್ಲಿ ಯಾರಿಗೂ ತಿಳ್ಯೂದಿಲ್ರಿ. ಕಿಂಗ್ಸ್‌ಫೀಲ್ಡ್ ಟೌನ್ ಅನ್ನಬೇಕು. ಇಂಗ್ಲೆಂಡದಾಗಿನ ಊರಿನಂಗ ಕಟ್ಟೇವಿ ಅಂತ ಬಿಲ್ಡರ್ ಹೇಳಿದ್ದ. ಕೆಂಪು ಹಂಚು, ಬಿಳಿ ಬೇಲಿ, ಗೇಟಿನ ಮ್ಯಾಲೆ ದೊಡ್ಡ ಗಡಿಯಾರ. ಗಡಿಯಾರ ನಿಂತು ಎಷ್ಟೋ ದಿವಸ ಆತು. ಖರೇ ಅಂದ್ರ ಇದು ನಮ್ಮ ಹತ್ತಿ ಹೊಲ. ಹೊಲ ಕೊಟ್ಟದ್ದಕ್ಕ ನಮಗೂ ಇಲ್ಲೊಂದು ಮನಿ ಸಿಕ್ತು. ಹೋದ ವರ್ಷ ನಮ್ಮ ಯಜಮಾನ್ರು ತೀರಿಕೊಂಡ್ರು. ಆ ದಸರಾ ಅಳೂದ್ರಾಗ ಹೋತು.

ಮೊದಲ ನಮ್ಮ ಹೊಲದ ಬದುವಿನ್ಯಾಗ ಬನ್ನಿ ಗಿಡ ಇತ್ತು. ದಸರಾಕ್ಕ ಊರ ಮಂದಿಯೆಲ್ಲಾ ಸೀಮಿ ದಾಟಿ ಅಲ್ಲಿಗೇ ಬರತಿದ್ರು. ಒಬ್ಬರ ಕೈಗೊಬ್ಬರು ಎಲಿ ಕೊಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೂಣು’ ಅಂತಿದ್ರು. ಜಗಳಾಡಿ ಮಾತು ಬಿಟ್ಟವರೂ ಅವತ್ತು ಕೈ ಚಾಚತಿದ್ರು. ಈಗ ಆ ಗಿಡದ ಜಾಗಾದಾಗ ಈಜೋ ಹೊಂಡ ಐತಿ. ಈಜಾವ್ರನ್ನ ಮಾತ್ರ ನಾ ಇನ್ನೂ ನೋಡಿಲ್ಲ.

ಈ ದಸರಾಕ್ಕ ನಂದು ಒಂದಽ ಆಸೆ. ಒಬ್ಬರರೆ ನನ್ನ ಕೈಯಿಂದ ಬನ್ನಿ ತಗೋಬೇಕು. ದುರ್ಗದಬೈಲ ಪ್ಯಾಟಿಗೆ ಹೋಗಿ ಎಲಿ ತಂದ್ನಿ. ಗಿಡದ ಒಡತಿ ನಾ, ಪ್ಯಾಟ್ಯಾಗ ಬನ್ನಿ ಕೊಳ್ಳೂದು! ಇಳಕಲ್ ಸೀರಿ ಉಟ್ಟು ಬಾಜೂ ಮನಿ ಬೆಲ್ ಒತ್ತಿದ್ನಿ. ಗ್ವಾಡಿಗಿದ್ದ ಡಬ್ಬಿಯೊಳಗಿಂದ ಆ ಮನಿ ಆರತಿ ಮಾತಾಡಿದ್ಲು.

‘ಪಾರ್ಸಲ್ಲಾ? ಅಲ್ಲೇ ಇಡ್ರಿ.’

‘ನಾನವಾ, ಶಿವಲಿಂಗವ್ವ. ಬನ್ನಿ ತಂದೀನಿ.’

‘ಮೀಟಿಂಗಿನ್ಯಾಗ ಅದೀನ್ರಿ ಆಂಟಿ. ಅಲ್ಲೇ ಇಡ್ರಿ.’

ದಸರಾದ ದಿವಸ ಎಂಥಾ ಮೀಟಿಂಗೋ, ಆ ಶಿವಗಽ ಗೊತ್ತು! ಉಳಿದವರು ಬಾಗಲಾನೂ ತಗೀಲಿಲ್ಲ, ಮಾತೂ ಆಡಲಿಲ್ಲ. ಎಲ್ಲಾರ ಹೊಸ್ತಿಲಕ್ಕ ನಾಕ್ನಾಕ ಎಲಿ ಇಟ್ಟು ಬಂದ್ನಿ.

ಸಂಜಿಮುಂದ ಸೊಸೈಟಿ ಸೆಕ್ರೆಟರಿ ಕುಮಾರಸ್ವಾಮಿ ಫೋನ್ ಮಾಡಿದ.

‘ಅಮ್ಮಾರ, ಯಾರೋ ಬಾಗಲದಾಗ ಕಸಾ ಒಗದಾರಂತ ಗ್ರೂಪಿನ್ಯಾಗ ಕಂಪ್ಲೇಂಟ್ ಬಂದೈತ್ರಿ. ಕ್ಯಾಮರಾದಾಗ ನೀವು ಕಾಣಾಕತ್ತೀರಿ.’

‘ಕಸಾ? ಬನ್ನಿಗೆ ಕಸಾ ಅಂತೀಯಲ್ಲೋ, ನಿನ್ನ ಬಾಯಾಗ ಮಣ್ಣ ಹಾಕಲಿ!’ ಅಂತ ಬೈದು ಫೋನ್ ಇಟ್ನಿ. ಬೈದ ಮ್ಯಾಲೆ ಅಳು ತಡೀಲಿಲ್ಲ.

ಕಣ್ಣು ಒರಸಿಕೊಂಡು ಹೋಗಿ ಎಲ್ಲಾ ಬಾಗಲದ ಎಲಿ ಆರಿಸಿಕೊಂಡು ಬಂದ್ನಿ. ಆರತಿ ಹೊಸ್ತಿಲದಾಗಿನವೂ ಇಟ್ಟಲ್ಲೇ ಇದ್ವು. ಮನ್ಯಾಗ ಯಜಮಾನ್ರ ಕುರ್ಚಿ ಮುಂದ ನಿಂತ್ನಿ. ಪ್ರತಿ ವರ್ಷ ಮೊದಲನೇ ಬನ್ನಿ ನನಗ ಅವರಽ ಕೊಡತಿದ್ರು. ಬಲಗೈಯಿಂದ ಎಡಗೈಗೆ ಎಲಿ ಹಾಕಿದ್ನಿ.

‘ಬನ್ನಿ ತಗೊಂಡು ಬಂಗಾರದಂಗ ಇರೂಣು,’ ಅಂದ್ನಿ.

‘ಹೂಂನ್ರಿ, ಇರೂಣ್ರಿ,’ ಅಂತ ಅದಕ್ಕೂ ನಾನಽ ಅಂದ್ನಿ.