ಬಿಸಿಕೋಣೆಯಲ್ಲಿ ಭೂಮಿ ಹುಣ್ಣಿಮೆ

ಅಕ್ಟೋಬರ್ ತಿಂಗಳಲ್ಲಿ ಹಾಲೆಂಡಿಗೆ ಹಾಲೆಂಡೇ ಜಾಕೆಟ್ಟಿನೊಳಗೆ ಮುದುಡಿ ಕೂತಿದ್ದರೆ, ನಿಹಾರಿಕಾ ಮಾತ್ರ ಕರೆಂಟು ಸುರಿದು ಗಾಜಿನ ಕೋಣೆಯೊಳಗೆ ದಾವಣಗೆರೆಯ ಏಪ್ರಿಲ್ ತಯಾರಿಸುತ್ತಿದ್ದಳು. ಒಳಗೆ ಕುಂಡಗಳಲ್ಲಿ ಭತ್ತ. ಹೂವು ಬಿರಿಯುವ ಹೊತ್ತಿಗೆ ಸೆಖೆ ಹೆಚ್ಚಾದರೆ ಪರಾಗ ಸತ್ತು ತೆನೆ ಜೊಳ್ಳಾಗುತ್ತದೆ. ಅವಳ ಹೊಸ ತಳಿ ಇದನ್ನು ತಡೆದುಕೊಂಡರೆ ಇನ್ನೊಂದು ವರ್ಷ ಕೆಲಸ, ಇಲ್ಲದಿದ್ದರೆ ಗಂಟುಮೂಟೆ. ಪ್ರೊಫೆಸರ್ ವೌಟರ್ ಇದನ್ನು ಬಹಳ ನಯವಾಗಿ, ಕಾಫಿ ಕೊಟ್ಟು ಹೇಳಿದ್ದರು. ಜೊತೆಗೊಂದು ಬಿಸ್ಕತ್ತೂ ಇತ್ತು, ಒಂದೇ ಒಂದು.

ಇಂಥ ಹೊತ್ತಿನಲ್ಲಿ ಪ್ರಯೋಗಾಲಯದ ಓಪನ್ ಡೇ ಬಂತು. ಮನೆಯವರನ್ನು ಕರೆತರಬಹುದಂತೆ. ಗಂಡ ಶಮಂತ್‌ಗೆ ಎಂದಿನಂತೆ ಮೀಟಿಂಗು. ಸಾಗರದ ಕಡೆಯಿಂದ ಬಂದು ಯುಟ್ರೆಕ್ಟ್‌ನ ಮನೆಯಲ್ಲಿ ಹೀಟರ್‌ಗೆ ಬೆನ್ನು ಕೊಟ್ಟು ಕೂತಿದ್ದ ಅತ್ತೆ ಜಲಜಾಕ್ಷಿಯವರಿಗೆ ಮೀಟಿಂಗೇನೂ ಇರಲಿಲ್ಲ.

"ಒಳಗೆ ಎಷ್ಟು ಸೆಖೆ?" ಎಂದು ಅವರು ಗಾಜಿಗೆ ಮೂಗು ಒತ್ತಿ ಕೇಳಿದರು.

"ಮೂವತ್ತೊಂಬತ್ತು ಡಿಗ್ರಿ, ಅತ್ತೆ."

"ಬಸುರಿ ಭತ್ತಕ್ಕಾ?"

ಅಷ್ಟರಲ್ಲಿ ಯಾರೋ ಕರೆದರೆಂದು ನಿಹಾರಿಕಾ ಹೋದಳು. ಹೋದವಳು ಡಚ್ಚರ ಮಕ್ಕಳಿಗೆ ಅಕ್ಕಿ ಮರದಲ್ಲಿ ಬೆಳೆಯುವುದಿಲ್ಲವೆಂದು ವಿವರಿಸುತ್ತಾ ನಿಂತುಬಿಟ್ಟಳು. ವಾಪಸು ಬಂದಾಗ ಕೋಣೆಯ ಬಾಗಿಲು ಹಾರು ಹೊಡೆದಿತ್ತು. ಅದು ಮುಚ್ಚದಂತೆ ಜಲಜಾಕ್ಷಿಯವರ ಕೈಚೀಲ ಅಡ್ಡ ಕೂತಿತ್ತು. ಕುಂಡದ ಬುಡದಲ್ಲಿ ಕಡುಬು, ಮೊಸರನ್ನ, ಸೂಪರ್‌ಮಾರ್ಕೆಟ್ಟಿನ ಸೊಪ್ಪಿನ ಪಲ್ಯ. ತೆನೆಗಳಿಗೆ ಅರಿಶಿನ ಕುಂಕುಮ.

"ಇವತ್ತು ಭೂಮಿ ಹುಣ್ಣಿಮೆ ಕಣೇ. ಗದ್ದೇಲಿ ಬಸುರಿ ಭತ್ತಕ್ಕೆ ಬಯಕೆ ಬಡಿಸೋ ದಿನ. ಪಾಪ, ಬೆವರ್ತಾ ನಿಂತಿದ್ವು. ಗಾಳಿ ಆಡಲಿ ಅಂತ ತೆಗೆದಿಟ್ಟೆ."

ಒಂದು ಗಂಟೆಗೂ ಮೀರಿ ಗಾಳಿಯಾಡಿತ್ತು. ಸರಿಯಾಗಿ ಹೂವು ಬಿರಿಯುವ ಹೊತ್ತು ಅದು. ನಿಹಾರಿಕಾ ಕೈಚೀಲ ಎತ್ತಿ ಹೊರಗಿಟ್ಟಳು. ಒಂದು ದಿನದಿಂದ ಏನಾದೀತು ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡು ಬಾಗಿಲು ಮುಚ್ಚಿದಳು.

ಏನಾಯಿತೆಂದು ನವೆಂಬರಿನಲ್ಲಿ ತಿಳಿಯಿತು. ಭತ್ತದ ತೆನೆ ತುದಿಯಿಂದ ಬುಡಕ್ಕೆ ದಿನಕ್ಕಿಷ್ಟರಂತೆ ಹೂ ಬಿಡುತ್ತದೆ. ಪ್ರತಿ ತೆನೆಯಲ್ಲೂ ತುದಿ ಜೊಳ್ಳು, ಬುಡ ಜೊಳ್ಳು, ನಡುವೆ ಮಾತ್ರ, ಬಾಗಿಲು ತೆರೆದಿದ್ದ ದಿನ ಹೂ ಬಿಟ್ಟಲ್ಲಿ, ಗಟ್ಟಿ ಕಾಳು. ವೌಟರ್ ತೆನೆ ಹಿಡಿದು ಮಗುವಿನಂತೆ ಕುಣಿದರು. "ಮೂವತ್ತೊಂಬತ್ತರಲ್ಲೂ ಇಷ್ಟು ಕಾಳು! ಇದು ಸೆಖೆ ಗೆದ್ದ ತಳಿ. ನಿನ್ನ ವರ್ಷ ಖಾಯಂ."

ಸುಮ್ಮನಿದ್ದಿದ್ದರೆ ಸಾಕಿತ್ತು. ಅವಳಿಗೆ ಸುಮ್ಮನಿರಬೇಕೆಂದು ನಿಜವಾಗಿಯೂ ಆಸೆಯಾಯಿತು. ಆದರೆ ಆ ಕಾಳು ನಂಬಿ ಯಾರೋ ಗದ್ದೆಗೆ ಬಿತ್ತುತ್ತಾರೆ, ಅಲ್ಲಿ ಬಾಗಿಲು ತೆಗೆಯಲು ಅತ್ತೆ ಇರುವುದಿಲ್ಲ. ಬಾಯಿಬಿಟ್ಟಳು.

ವೌಟರ್ ತೆನೆಯನ್ನು ಮೇಜಿನ ಮೇಲಿಟ್ಟರು. ಆಮೇಲೆ ಡೈರಿ ತೆಗೆದರು. "ಹಾಗಾದರೆ ತಳಿಯ ಮಾತು ಬಿಡು. ಒಂದೇ ಗಂಟೆಯ ತಂಪು ಸಾಕೆಂದರೆ ಅದೇ ಹೊಸ ಪ್ರಯೋಗ. ಅದಕ್ಕೂ ಒಂದು ವರ್ಷ ಬೇಕು. ನಿಮ್ಮ ಅತ್ತೆ ಯಾವಾಗ ಬರಬಹುದು, ಗುರುವಾರ ಆದೀತೇ?"

ವರ್ಷ ಉಳಿಯಿತು. ಈಗ ಎರಡು ಕೋಣೆಗಳಲ್ಲಿ ಭತ್ತ ಹೂವಿಗೆ ಬಂದಿದೆ, ನೀವೂ ಬರಬೇಕಂತೆ ಎಂದು ಮನೆಗೆ ಬಂದು ಹೇಳಿದಾಗ ಜಲಜಾಕ್ಷಿ ಹಿಗ್ಗಿಹೋದರು. "ಬರ್ತೀನಿ, ಅದಕ್ಕೇನಂತೆ. ಎರಡೂ ಕೋಣೆ ಬಾಗಿಲು ತೆಗೀಬೇಕಾ?"

"ಇಲ್ಲ ಅತ್ತೆ, ಒಂದನ್ನೇ. ಇನ್ನೊಂದನ್ನು ಮುಚ್ಚೇ ಇಡಬೇಕು. ಹೋಲಿಸಿ ನೋಡೋಕೆ."

ಅವರ ಮುಖ ಇಳಿಯಿತು. "ಒಂದಕ್ಕೆ ಗಾಳಿ ಹಾಕಿ, ಪಕ್ಕದಲ್ಲಿರೋಳು ಬೇಯೋದನ್ನ ನಿಂತು ನೋಡಬೇಕಾ? ನನ್ನ ಕೈಲಾಗಲ್ಲಮ್ಮ. ನಿನ್ನ ಸಾಹೇಬರಿಗೆ ಹೇಳು."

ಗುರುವಾರ ಅತ್ತೆಗೆ ಬಿಡುವಿಲ್ಲವೆಂದು ನಿಹಾರಿಕಾ ವೌಟರ್‌ಗೆ ಹೇಳಿದಳು. ಡಚ್ಚರಿಗೆ ಅರ್ಥವಾಗುವ ಕಾರಣ ಅದೊಂದೇ. ಆಮೇಲೆ ಒಂದು ಕೋಣೆಯ ಬಾಗಿಲು ತೆಗೆದಳು, ಇನ್ನೊಂದರ ಚಿಲಕ ಭದ್ರವಾಗಿದೆಯೇ ಎಂದು ಎಳೆದು ನೋಡಿದಳು. ಸಂಬಳ ಕೊಡುವುದು ಎರಡನೆಯ ಕೆಲಸಕ್ಕೆ.